190 ಗೋಲಿನ ಲೆಕ್ಕ: ಹಳೇ ಫುಟ್ಬಾಲ್ ತಂಡದ ಗುಂಪಿನಲ್ಲಿ ನಡೆದ ವಾದ

ಪ್ರಸನ್ನ: (ಫಾರ್ವರ್ಡ್ ಆದ ಚಿತ್ರ) "ಅಂತಾರಾಷ್ಟ್ರೀಯ ಫುಟ್ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು: 1. ರೊನಾಲ್ಡೊ, 2. ಮೆಸ್ಸಿ, 3. ಅಲಿ ದಾಯಿ, 4. ಸುನಿಲ್ ಛೆಟ್ರಿ"

ಪ್ರಸನ್ನ: ನಮ್ಮ ಬೆಂಗಳೂರು ಎಫ್‌ಸಿ ಛೆಟ್ರಿ ಜಗತ್ತಿಗೇ ನಾಲ್ಕನೆಯವನು. ಎಲ್ರೂ ಶೇರ್ ಮಾಡ್ರಪ್ಪಾ.

ರೇವತಿ: ಛೆಟ್ರಿಯ 95 ಗೋಲು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತಲೆಬರಹ ತಪ್ಪು ಕಣೋ. "ಇತಿಹಾಸದಲ್ಲೇ" ಅಂತ ಹಾಕಿದ್ರೆ ಮೊದಲ ಹೆಸರು ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್, 190 ಗೋಲು. ಆಮೇಲೆ ಅಮೆರಿಕದ ಆ್ಯಬಿ ವಾಂಬ್ಯಾಕ್ 184, ಮಿಯಾ ಹ್ಯಾಮ್ 158. ರೊನಾಲ್ಡೊ 140 ದಾಟಿರೋದು ನಿಜ, ಆದ್ರೂ ಅವನು ಈ ಮೂವರ ಹಿಂದೆ. ಒಂದೋ "ಪುರುಷರ" ಅನ್ನೋ ಪದ ಸೇರಿಸು, ಇಲ್ಲ ಪಟ್ಟಿ ಬದಲಾಯಿಸು.

ಮಹಾಂತೇಶ: ಎರಡೂ ಬ್ಯಾರೆ ಬ್ಯಾರೆ ಲೆಕ್ಕ ಬಿಡವಾ ರೇವತಿ. ಹೆಣ್ಮಕ್ಕಳಿಗೆ ಒಲಿಂಪಿಕ್ಸ್‌ನಾಗ ಹೊಡೆದ ಗೋಲೂ ಸೇರಸ್ತಾರ. ಗಂಡಸರಿಗೆ ಅದು ಇಲ್ಲ. ನೆಯ್ಮಾರ್ 2016ರ ರಿಯೊ ಫೈನಲ್‌ನಾಗ ಜರ್ಮನಿ ಮ್ಯಾಲೆ ಹೊಡೆದ ಫ್ರೀ ಕಿಕ್ ಅವನ ಲೆಕ್ಕದ 79 ಗೋಲಿನಾಗ ಎಲ್ಲೈತಿ?

ವಿಜಯಕ್ಕ: ಮಹಾಂತೇಶ, ಅದಕ್ಕೆ ಸರಿಯಾದ ಕಾರಣ ಇದೆ. ಪುರುಷರ ಒಲಿಂಪಿಕ್ ಫುಟ್ಬಾಲ್ 1992ರಿಂದ 23 ವರ್ಷದೊಳಗಿನವರ ಟೂರ್ನಿ. ಆಮೇಲೆ ವಯಸ್ಸು ಮೀರಿದ ಮೂವರಿಗೆ ಅವಕಾಶ ಕೊಟ್ಟರು. ಅಲ್ಲಿ ಆಡೋದು ದೇಶದ ಹಿರಿಯರ ತಂಡ ಅಲ್ಲ, ಹಾಗಾಗಿ ಫಿಫಾ ಅದನ್ನ 'ಎ' ಪಂದ್ಯ, ಅಂದರೆ ದಾಖಲೆಗೆ ಸೇರೋ ಪಂದ್ಯ, ಅಂತ ಪರಿಗಣಿಸಲ್ಲ. ಮಹಿಳೆಯರ ಒಲಿಂಪಿಕ್ಸ್‌ಗೆ ವಯಸ್ಸಿನ ಮಿತಿಯೇ ಇಲ್ಲ. ವಿಶ್ವಕಪ್ ಆಡೋ ತಂಡವೇ ಅಲ್ಲೂ ಆಡುತ್ತೆ. ನಿಯಮ ಇಬ್ಬರಿಗೂ ಒಂದೇ: ಎರಡೂ ಕಡೆ ದೇಶದ ಮೊದಲ ತಂಡ ಆಡಬೇಕು. ಸ್ನೇಹಪರ ಪಂದ್ಯವಾದರೆ ಬದಲಿ ಆಟಗಾರರ ಸಂಖ್ಯೆ ಮಿತಿಯೊಳಗೇ ಇರಬೇಕು. ಮಿತಿ ಮೀರಿದರೆ ಆ ಪಂದ್ಯದಲ್ಲಿ ಐದು ಗೋಲು ಹೊಡೆದರೂ ದಾಖಲೆಗೆ ಬರಲ್ಲ.

ವಿಜಯಕ್ಕ: ಟೈಬ್ರೇಕರ್ ಶೂಟೌಟ್ ಗೋಲೂ ಲೆಕ್ಕಕ್ಕಿಲ್ಲ. 1999ರ ವಿಶ್ವಕಪ್ ಫೈನಲ್‌ನಲ್ಲಿ ಚೀನಾ ವಿರುದ್ಧ ಅಮೆರಿಕದ ನಾಲ್ಕನೇ ಕಿಕ್ ಹೊಡೆದವಳು ಹ್ಯಾಮ್, ಚೆಂಡು ಒಳಗೆ ಹೋಯಿತು. ಆಕೆಯ 158ರಲ್ಲಿ ಅದು ಸೇರಿಲ್ಲ.

ಮಹಾಂತೇಶ: ಆತ್ರೀ ಅಕ್ಕಾರ, ಒಲಿಂಪಿಕ್ಸ್ ಮಾತು ಬಿಡೂಣು. ಎದುರಾಳಿ ಯಾರು ಅನ್ನೂದು ನೋಡ್ರಿ. ಸಿಂಕ್ಲೇರ್ ವಿಶ್ವದಾಖಲೆ ಮುರಿದದ್ದು ಸೇಂಟ್ ಕಿಟ್ಸ್ ಮತ್ತು ನೆವಿಸ್ ಮ್ಯಾಲೆ. ಸ್ಕೋರು 11–0. ಅಂಥಾ ಪಂದ್ಯದಾಗ ಯಾರು ಬೇಕಾದ್ರೂ ಹೊಡೀತಾರ.

ರೇವತಿ: 2020ರ ಜನವರಿ 29, ಟೆಕ್ಸಾಸ್‌ನ ಎಡಿನ್‌ಬರ್ಗ್, ಒಲಿಂಪಿಕ್ ಅರ್ಹತಾ ಪಂದ್ಯ. 7ನೇ ನಿಮಿಷದಲ್ಲಿ ಪೆನಾಲ್ಟಿಯಿಂದ 184, 23ನೇ ನಿಮಿಷದಲ್ಲಿ 185. ದುರ್ಬಲ ತಂಡದ ಮೇಲೆ ಅನ್ನೋದು ನಿಜ. ಆದ್ರೆ ಅದು 190ರಲ್ಲಿ ಎರಡು. ಉಳಿದವು ಎಲ್ಲಿ ಬಂದವು ಅಂತ ನೋಡು.

ರೇವತಿ: 2012, ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್, ಓಲ್ಡ್ ಟ್ರಾಫರ್ಡ್, ಎದುರಾಳಿ ಅಮೆರಿಕ. 22, 67, 73ನೇ ನಿಮಿಷಗಳಲ್ಲಿ ಸಿಂಕ್ಲೇರ್ ಗೋಲು. ಕೆನಡಾ ಮೂರು ಸಲ ಮುಂದೆ ಇತ್ತು, ಮೂರೂ ಸಲ ಅವಳಿಂದಲೇ. ಆಮೇಲೆ ಕೆನಡಾ ಗೋಲ್‌ಕೀಪರ್ ಚೆಂಡನ್ನ ಆರು ಸೆಕೆಂಡಿಗಿಂತ ಹೆಚ್ಚು ಹಿಡ್ಕೊಂಡ್ರು ಅಂತ ರೆಫರಿ ಪರೋಕ್ಷ ಫ್ರೀ ಕಿಕ್ ಕೊಟ್ರು. ಆ ಕಿಕ್ ಕೆನಡಾ ಆಟಗಾರ್ತಿಯ ಕೈಗೆ ಬಡಿದು ಪೆನಾಲ್ಟಿ. 80ನೇ ನಿಮಿಷದಲ್ಲಿ ಅದನ್ನ ಗೋಲು ಮಾಡಿದವಳು ವಾಂಬ್ಯಾಕ್, 3–3. ಹೆಚ್ಚುವರಿ ಆಟದ ಕೊನೇ ಕ್ಷಣದಲ್ಲಿ ಅಲೆಕ್ಸ್ ಮಾರ್ಗನ್ ತಲೆಯಿಂದ ಹೊಡೆದು 4–3. ದಾಖಲೆಯ ಮೊದಲ ಇಬ್ಬರೂ ಒಂದೇ ಮೈದಾನದಲ್ಲಿ ಗೋಲು ಹೊಡೆದ ಪಂದ್ಯ ಇದು. ದುರ್ಬಲ ಎದುರಾಳಿ ಅನ್ನೋ ಮಾತನ್ನ ಇದಕ್ಕೂ ಅನ್ವಯಿಸ್ತೀಯಾ?

ರೇವತಿ: ಇನ್ನೊಂದು. 2011ರ ವಿಶ್ವಕಪ್, ಬರ್ಲಿನ್. ಎದುರಾಳಿ ಆತಿಥೇಯ ಜರ್ಮನಿ, 2007ರ ಇಡೀ ವಿಶ್ವಕಪ್‌ನಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಗೆದ್ದಿದ್ದ ತಂಡ. ಆ ಪಂದ್ಯದಲ್ಲೇ ಮೂಗು ಮುರ್ಕೊಂಡ ಸಿಂಕ್ಲೇರ್ ಹೊರಗೆ ಉಳೀಲಿಲ್ಲ, 82ನೇ ನಿಮಿಷದಲ್ಲಿ ಫ್ರೀ ಕಿಕ್ಕನ್ನ ನೇರ ಬಲೆಗೆ ಹಾಕಿದ್ಲು.

ಜೋಸ್ವಿನ್: ರೇವತಿ ಹೇಳಿದ್ದೆಲ್ಲ ಸರಿ ಉಂಟು. ಆದ್ರೆ ನನ್ನ ತಕರಾರು ಬೇರೆ. ಒಟ್ಟು ಗೋಲು ನೋಡಿದ್ರೆ ಸಾಕಾ? ಪಂದ್ಯಕ್ಕೆ ಎಷ್ಟು ಅಂತ ನೋಡ್ಬೇಕಲ್ವಾ. ಸಿಂಕ್ಲೇರ್ 331 ಪಂದ್ಯಕ್ಕೆ 190, ಅಂದ್ರೆ 0.57. ಹ್ಯಾಮ್ 276ಕ್ಕೆ 158, ಅದೂ 0.57. ವಾಂಬ್ಯಾಕ್ 255ಕ್ಕೆ 184, 0.72! ಸಿಂಕ್ಲೇರ್ ಆಡಿದಷ್ಟು ಪಂದ್ಯ ವಾಂಬ್ಯಾಕ್ ಆಡಿದ್ದಿದ್ರೆ ಅದೇ ದರದಲ್ಲಿ 238 ಆಗ್ತಿತ್ತು ಮಾರಾಯ್ರೆ. 2013ರ ಜೂನ್ 20ರಂದು ದಕ್ಷಿಣ ಕೊರಿಯಾ ವಿರುದ್ಧ ಮೊದಲಾರ್ಧದಲ್ಲೇ ನಾಲ್ಕು ಹೊಡೆದು ಹ್ಯಾಮ್ ದಾಖಲೆ ದಾಟಿದವಳು. 184ರಲ್ಲಿ 77 ತಲೆಯಿಂದ. ಕ್ರಾಸ್ ಬರುವಾಗ ಡಿಫೆಂಡರಿಗಿಂತ ಮೊದಲೇ ನೆಗೆಯುವ ಆ ಟೈಮಿಂಗ್ ಬೇರೆ ಯಾರಿಗೂ ಇರಲಿಲ್ಲ.

ರೇವತಿ: ದರದಲ್ಲಿ ವಾಂಬ್ಯಾಕ್ ಮೇಲು, ಅದನ್ನ ಯಾರೂ ಅಲ್ಲಗಳೆಯಕ್ಕಾಗಲ್ಲ. ಆದ್ರೆ ನಿನ್ನ 238 ಲೆಕ್ಕ ನಿಲ್ಲಲ್ಲ ಜೋಸ್ವಿನ್. ಹೆಚ್ಚು ವರ್ಷ ಆಡಿದಷ್ಟೂ ದರ ಇಳಿಯುತ್ತೆ. ಸಿಂಕ್ಲೇರ್‌ದೇ ನೋಡು: 2020ರ ಜನವರಿಯಲ್ಲಿ 185, 2023ರ ಡಿಸೆಂಬರಿನಲ್ಲಿ ನಿವೃತ್ತಿ ಆಗೋವಾಗ 190. ಸುಮಾರು ನಾಲ್ಕು ವರ್ಷದಲ್ಲಿ ಐದೇ ಗೋಲು. ಆ ಹೊತ್ತಿಗೆ ಅವಳು ಗೋಲಿನ ಮುಂದೆ ನಿಲ್ಲೋ ಸ್ಟ್ರೈಕರ್ ಅಲ್ಲ, ಹಿಂದೆ ಇಳಿದು ಪಾಸ್ ಕೊಡೋ ಆಟಗಾರ್ತಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೆನಡಾ ಚಿನ್ನ ಗೆದ್ದಾಗ ಅವಳದ್ದು ಒಂದೇ ಗೋಲು, ಜಪಾನ್ ವಿರುದ್ಧ ತನ್ನ 300ನೇ ಪಂದ್ಯದಲ್ಲಿ. ದರ ಉಳಿಸಿಕೊಳ್ಳೋದೇ ಗುರಿ ಆಗಿದ್ರೆ ಆ ಚಿನ್ನಕ್ಕೆ ಮುಂಚೆಯೇ ನಿವೃತ್ತಿ ಆಗಬೇಕಿತ್ತು.

ಪ್ರಸನ್ನ: 331 ಪಂದ್ಯ ಹೇಗೆ ಸಾಧ್ಯ? ಪುರುಷರಲ್ಲಿ 200 ದಾಟೋದೇ ಅಪರೂಪ.

ವಿಜಯಕ್ಕ: ಮಹಾಂತೇಶ ಕೇಳಬೇಕಿದ್ದ ಪ್ರಶ್ನೆ ಇದು. ಪುರುಷರಲ್ಲಿ ಆಟಗಾರನ ವರ್ಷದ ಬಹುಪಾಲು ಕ್ಲಬ್‌ನದ್ದು. ದೇಶಕ್ಕೆ ಸಿಗೋದು ಫಿಫಾ ನಿಗದಿ ಮಾಡಿದ ಕೆಲವು ವಾರ. ಮಹಿಳೆಯರಲ್ಲಿ ಬಹಳ ವರ್ಷ ಗಟ್ಟಿಯಾದ ಕ್ಲಬ್ ಲೀಗೇ ಇರಲಿಲ್ಲ. ಅಮೆರಿಕದ ಮೊದಲ ವೃತ್ತಿಪರ ಲೀಗ್ 2001ರಲ್ಲಿ ಶುರುವಾಗಿ 2003ಕ್ಕೆ ಮುಚ್ಚಿತು. ಎರಡನೆಯದು 2009ರಿಂದ 2011ರ ತನಕ ಮೂರೇ ಸೀಸನ್. ಈಗಿನದು ಬಂದದ್ದು 2013ರಲ್ಲಿ. ಕೆನಡಾದ ಸ್ವಂತ ವೃತ್ತಿಪರ ಲೀಗ್ ಆರಂಭವಾದದ್ದು 2025ರಲ್ಲಿ, ಸಿಂಕ್ಲೇರ್ ನಿವೃತ್ತಿಯಾದ ಮೇಲೆ. ಹಾಗಾಗಿ ದೇಶದ ತಂಡವೇ ಅವರಿಗೆ ಕ್ಲಬ್ ಇದ್ದ ಹಾಗೆ. ದೀರ್ಘ ಶಿಬಿರ, ಸಾಲು ಸಾಲು ಸ್ನೇಹಪರ ಪಂದ್ಯ, ವರ್ಷ ವರ್ಷ ಪೋರ್ಚುಗಲ್‌ನ ಅಲ್ಗಾರ್ವ್ ಕಪ್‌ನಂಥ ಆಹ್ವಾನಿತ ಟೂರ್ನಿ. ಹತ್ತು ದಿನದೊಳಗೆ ನಾಲ್ಕು ಪಂದ್ಯ. ಸಿಂಕ್ಲೇರ್ 2000ನೇ ಇಸವಿಯಲ್ಲಿ 16ನೇ ವಯಸ್ಸಿಗೆ ಕೆನಡಾ ಪರ ಮೊದಲು ಆಡಿದ್ದೂ ಅಲ್ಗಾರ್ವ್‌ನಲ್ಲೇ.

ಮಹಾಂತೇಶ: ನಾ ಅಂದದ್ದೂ ಅದೇ ಅಲ್ರೀ ಅಕ್ಕಾರ. ಪಂದ್ಯ ಜಾಸ್ತಿ, ಅದಕ್ಕ ಗೋಲು ಜಾಸ್ತಿ.

ವಿಜಯಕ್ಕ: ಹಾಗಿದ್ದರೆ ಅಮೆರಿಕದ ಕ್ರಿಸ್ಟೀನ್ ಲಿಲ್ಲಿಗೆ ದಾಖಲೆ ಸಿಗಬೇಕಿತ್ತು. 354 ಪಂದ್ಯ, ಸಿಂಕ್ಲೇರ್‌ಗಿಂತ 23 ಹೆಚ್ಚು. ಗೋಲು 130. ಇನ್ನೊಂದು ಕಡೆ ಸ್ಕಾಟ್ಲೆಂಡಿನ ಜೂಲಿ ಫ್ಲೀಟಿಂಗ್ 121 ಪಂದ್ಯಕ್ಕೆ 116, ದರ ಹತ್ತಿರ ಹತ್ತಿರ ಒಂದು. ಇಟಲಿಯ ಎಲಿಸಬೆತ್ತಾ ವಿನ್ಯೊತ್ತೊ 110 ಪಂದ್ಯಕ್ಕೆ 107. ಹ್ಯಾಮ್ 1999ರ ಮೇ 22ರಂದು ಬ್ರೆಜಿಲ್ ವಿರುದ್ಧ 108ನೇ ಗೋಲು ಹೊಡೆದು ಮುರಿದದ್ದು ಇವರ ದಾಖಲೆಯನ್ನೇ. ಪಂದ್ಯ ಬೇಕು, ದರವೂ ಬೇಕು. ಎರಡನ್ನೂ 23 ವರ್ಷ ಎಳೆದುಕೊಂಡು ಹೋದವಳು ಒಬ್ಬಳೇ.

ಜೋಸ್ವಿನ್: ವಿಶ್ವಕಪ್ ಮಾತ್ರ ತಗೊಂಡ್ರೆ ಬ್ರೆಜಿಲ್‌ನ ಮಾರ್ತಾ ಮೇಲೆ. 17 ಗೋಲು. ಸಿಂಕ್ಲೇರ್ 10.

ರೇವತಿ: ಹೌದು. ಆದ್ರೆ ಇಬ್ಬರೂ ಐದೈದು ವಿಶ್ವಕಪ್‌ನಲ್ಲಿ ಗೋಲು ಹೊಡೆದೋರು. ಆರನೆಯದಕ್ಕೆ ಸಿಂಕ್ಲೇರ್‌ಗೆ ಅವಕಾಶ ಕೈಗೇ ಬಂದಿತ್ತು. 2023, ಮೆಲ್ಬರ್ನ್, ನೈಜೀರಿಯಾ ವಿರುದ್ಧ ಪೆನಾಲ್ಟಿ. ಗೋಲ್‌ಕೀಪರ್ ಚಿಯಾಮಾಕಾ ನಡೋಜಿ ತಡೆದ್ಲು, ಪಂದ್ಯ 0–0. ಅದು ಒಳಗೆ ಹೋಗಿದ್ದಿದ್ರೆ ಆರು ವಿಶ್ವಕಪ್‌ನಲ್ಲಿ ಗೋಲು ಹೊಡೆದ ಮೊದಲಿಗಳಾಗ್ತಿದ್ಲು. ಇವತ್ತಿಗೂ ಆ ಕಿಕ್ ನೆನೆಸಿಕೊಂಡ್ರೆ ಸಂಕಟ ಆಗುತ್ತೆ.

ಪ್ರಸನ್ನ: ಮುಂದೆ ಯಾರಾದ್ರೂ 190 ಮುಟ್ಟಬಹುದಾ?

ಜೋಸ್ವಿನ್: ಮಿಯೆಡೆಮಾ. ನೆದರ್ಲೆಂಡ್ಸ್. ಟೋಕಿಯೊ ಒಲಿಂಪಿಕ್ಸ್ ಒಂದರಲ್ಲೇ 10 ಗೋಲು. 2025ರ ಯೂರೊದಲ್ಲಿ ವೇಲ್ಸ್ ವಿರುದ್ಧ 100 ಮುಟ್ಟಿದ್ಲು.

ರೇವತಿ: ಆಗ ಅವಳಿಗೆ 29 ತುಂಬೋಕೆ ಬಂದಿತ್ತು. ಇನ್ನೂ 90 ಬೇಕು. ವರ್ಷಕ್ಕೆ 10 ಅಂದ್ರೂ 38 ಆಗುತ್ತೆ. 2022ರ ಡಿಸೆಂಬರಿನಲ್ಲಿ ಮೊಣಕಾಲಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿದು 2023ರ ವಿಶ್ವಕಪ್ ಪೂರ್ತಿ ಹೋಯ್ತು. ಅದೂ ಅಲ್ಲದೆ 2023ರಿಂದ ಯುರೋಪಿನಲ್ಲಿ ನೇಷನ್ಸ್ ಲೀಗ್ ಇದೆ, ಬಲಾಢ್ಯ ತಂಡಗಳಿಗೆ ಬಲಾಢ್ಯ ತಂಡಗಳೇ ಎದುರಾಳಿ. ಒಂದೇ ಪಂದ್ಯದಲ್ಲಿ ನಾಲ್ಕೈದು ಗೋಲು ಸಿಗೋ ಕಾಲ ಅಲ್ಲಿ ಮುಗೀತಾ ಇದೆ.

ಮಹಾಂತೇಶ: ಹಂಗಾರ ಏಷ್ಯಾದ ಕಡೆ ನೋಡ್ರಿ. 2025ರ ಜೂನ್‌ನಾಗ ಏಷ್ಯಾ ಕಪ್ ಅರ್ಹತಾ ಸುತ್ತಿನಾಗ ಭಾರತ ಮಂಗೋಲಿಯಾ ಮ್ಯಾಲೆ 13–0. ಪ್ಯಾರಿ ಶಾಶಾ ಒಬ್ಬಾಕಿದೇ ಐದು ಗೋಲು. ನಮ್ಮ ಹುಡುಗ್ಯಾರಿಗೆ ಯಾಕ ಆಗೂದಿಲ್ಲ?

ವಿಜಯಕ್ಕ: ಅಂಥ ಅರ್ಹತಾ ಸುತ್ತು ಕೆಲವು ವರ್ಷಕ್ಕೊಮ್ಮೆ ಬರುತ್ತೆ. ಬಾಲಾ ದೇವಿಯನ್ನ ನೋಡು. 2005ರಲ್ಲಿ 15ನೇ ವಯಸ್ಸಿಗೇ ಭಾರತ ತಂಡಕ್ಕೆ ಬಂದಳು, 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದಳು. ಗೋಲು 50 ದಾಟಿದೆ, ಅಷ್ಟೇ. ಅವಳ ಆಟದ ಉತ್ತಮ ವರ್ಷಗಳಲ್ಲಿ ಭಾರತ ಆಡಿದ ಪಂದ್ಯಗಳೇ ಕಮ್ಮಿ. 18 ತಿಂಗಳಿಗೂ ಹೆಚ್ಚು ಕಾಲ ಒಂದೂ ಪಂದ್ಯ ಆಡದೆ 2009ರಲ್ಲಿ ನಮ್ಮ ತಂಡ ಫಿಫಾ ರ್‍ಯಾಂಕಿಂಗ್ ಪಟ್ಟಿಯಿಂದಲೇ ಹೊರಗೆ ಬಿತ್ತು.

ಮಹಾಂತೇಶ: ಸಿಂಕ್ಲೇರ್ ವರ್ಷಕ್ಕ ಎಷ್ಟು ಪಂದ್ಯ ಆಡ್ಯಾಳ?

ರೇವತಿ: 2000ದಿಂದ 2023, 24 ಕ್ಯಾಲೆಂಡರ್ ವರ್ಷ. 331 ಭಾಗಿಸು 24, ಹತ್ತಿರ ಹತ್ತಿರ 14. ಪ್ಯಾರಿಗೆ ಮೊದಲು ವರ್ಷಕ್ಕೆ ಆ 14 ಸಿಗಲಿ. ಗೋಲಿನ ವಾದ ಆಮೇಲೆ ಮಾಡೋಣ.