ಎನ್-ಲಿಸ್ಟ್ ಲಾಗಿನ್ ಆಗುತ್ತದೆ, ಲೇಖನ ತೆರೆಯೋದಿಲ್ಲ. ಮಂಗನ ಕಾಯಿಲೆ ಬಗ್ಗೆ ಹುಡುಕಿದರೂ ಸಿಗ್ತಿಲ್ಲ

ಹೊಸನಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೆ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮಂಗನ ಕಾಯಿಲೆ ತಗೊಂಡಿದ್ದೇನೆ. ನಮ್ಮ ಕಡೆ ಬೇಸಿಗೆ ಬಂತು ಅಂದರೆ ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರ ಮನೆಯಲ್ಲೆಲ್ಲ ಇದೇ ಭಯ, ಅದಕ್ಕೇ ಈ ವಿಷಯ.

ಲೈಬ್ರರಿಯಲ್ಲಿ ಎನ್-ಲಿಸ್ಟ್ (ಕಾಲೇಜಿನವರು ಸಂಶೋಧನಾ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿ ಓದುವ ಸೇವೆ) ಐಡಿ ಕೊಟ್ಟಿದ್ದಾರೆ. ಮನೆಯಿಂದಲೇ ಲಾಗಿನ್ ಆಗುತ್ತದೆ. ಆದರೆ ಗೂಗಲ್‌ನಲ್ಲಿ ಸಿಕ್ಕ ಲೇಖನ ಒತ್ತಿದರೆ ಡಾಲರ್‌ನಲ್ಲಿ ದುಡ್ಡು ಕೇಳುತ್ತದೆ. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ಸೈಟಿನಲ್ಲಿ ‘ಮಂಕಿ ಡಿಸೀಸ್ ಇನ್ ಶಿವಮೊಗ್ಗ’ ಅಂತ ಹಾಕಿದರೆ ಬೇಕಾದ್ದು ಒಂದೂ ಬರ್ತಿಲ್ಲ. ಎರಡು ದಿನ ಆಯ್ತು. ಯಾರಾದರೂ ದಾರಿ ತೋರಿಸಿ.

ಲೈಬ್ರರಿ ಕೌಂಟರ್:
ನಿಮ್ಮ ಐಡಿ ಸರಿ ಇದೆಯಮ್ಮಾ, ಹೋಗುವ ದಾರಿ ತಪ್ಪಿದೆ. ಗೂಗಲ್‌ನಿಂದ ನೇರ ಹೋದರೆ ಪ್ರಕಾಶಕರ ಸೈಟಿಗೆ ಕಾಣೋದು ನಿಮ್ಮ ಮನೆಯ ನೆಟ್ ಮಾತ್ರ, ನೀವು ಚಂದಾ ಕಟ್ಟಿದ ಕಡೆಯವರು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಎನ್-ಲಿಸ್ಟ್ ಒಳಗೆ ಹೋಗಿ, ಅಲ್ಲಿರುವ ಪತ್ರಿಕೆಗಳ ಪಟ್ಟಿಯಿಂದಲೇ ಆ ಸೈಟ್ ತೆರೆಯಿರಿ. ಲೇಖನದ ಹೆಸರನ್ನು ಅಲ್ಲೇ ಹುಡುಕಿ. ಆ ಪಟ್ಟಿಯಲ್ಲಿ ಇಲ್ಲದ ಪತ್ರಿಕೆ ಆದರೆ ಲಾಗಿನ್ ಆಗಿದ್ದರೂ ತೆರೆಯೋದಿಲ್ಲ.

ಹುಡುಕಾಟದ ವಿಷಯ ಇನ್ನೂ ಮುಖ್ಯ. ನಾವು ಮಂಗನ ಕಾಯಿಲೆ ಅಂತೀವಿ, ಆದರೆ ವಿಜ್ಞಾನಿಗಳು ಬರೆಯೋದು ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಅಂತ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದಲ್ವಾ, ಆ ಊರಿನ ಹೆಸರೇ ರೋಗಕ್ಕೂ ನಿಂತಿತು. ಈ ಮೂರು ಪದವನ್ನು ಇಂಗ್ಲಿಷ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಗ ಒಟ್ಟಿಗೆ ಬಂದಿರುವುದನ್ನೇ ತರುತ್ತದೆ.

ಇನ್ನೊಂದು, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಇಂಗ್ಲಿಷ್‌ನಲ್ಲಿ ನಮ್ಮೂರಿನ ಹೆಸರು ಅಧಿಕೃತವಾಗಿ ಶಿವಮೊಗ್ಗ ಆಗಿದ್ದು 2014ರ ನವೆಂಬರ್ 1ರಿಂದ. ಅದಕ್ಕೆ ಮೊದಲು ಬಂದ ಲೇಖನಗಳಲ್ಲಿ ಸಾಮಾನ್ಯವಾಗಿ ‘ಶಿಮೊಗ’ ಅಂತಲೇ ಇರುತ್ತದೆ. ಒಂದೇ ಹೆಸರು ಹಾಕಿದರೆ ಅಷ್ಟೂ ವರ್ಷದ ಕೆಲಸ ನಿಮ್ಮ ಕಣ್ಣಿಗೇ ಬೀಳೋದಿಲ್ಲ. ಹಾಗಾಗಿ ರೋಗದ ಹೆಸರು, ಆಮೇಲೆ ‘ಆ್ಯಂಡ್’, ಆಮೇಲೆ ಬ್ರಾಕೆಟ್ ತೆಗೆದು ಎರಡೂ ಊರಿನ ಹೆಸರು, ನಡುವೆ ‘ಆರ್’. ಆ್ಯಂಡ್, ಆರ್ ಎರಡನ್ನೂ ದೊಡ್ಡಕ್ಷರದಲ್ಲೇ ಬರೆಯಿರಿ, ಪಬ್‌ಮೆಡ್‌ಗೆ ಅದು ಬೇಕು.

ಹೊಸನಗರದ ಹುಡುಗಿ:
ಸರ್, ಸಿಕ್ತು! ‘ಶಿಮೊಗ’ ಸೇರಿಸಿದ ಕೂಡಲೇ ಹಳೇ ಲೇಖನಗಳೆಲ್ಲ ಬಂದವು. ಈ ರೋಗ ಹರಡುವ ಉಣುಗಿನ ಬಗ್ಗೆಯೇ ಎಷ್ಟೊಂದು ಇವೆ. ಆದರೆ ಕೆಲವಕ್ಕೆ ಸಾರಾಂಶ ಮಾತ್ರ ಕಾಣ್ತಿದೆ. ನೆಟ್‌ವರ್ಕ್ ಬೇರೆ ಇಲ್ಲ, ಮನೆ ಹಿಂದಿನ ಗುಡ್ಡದ ಮೇಲೆ ಕೂತು ಇದನ್ನು ಬರೀತಿದ್ದೇನೆ.

ಶಂಕರಘಟ್ಟದಿಂದ:
ತಂಗಿ, ಪಬ್‌ಮೆಡ್‌ನಲ್ಲಿ ಎಡಗಡೆ ‘ಫ್ರೀ ಫುಲ್ ಟೆಕ್ಸ್ಟ್’ ಅಂತ ಇದೆ ನೋಡು, ಅದನ್ನು ಟಿಕ್ ಮಾಡು. ಪೂರ್ತಿ ಓದಲು ಸಿಗುವುದಷ್ಟೇ ಉಳಿಯುತ್ತದೆ. ಹಾಗೇ ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಸೈಟ್ ಬಿಡಬೇಡ. ಕುವೆಂಪು ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧಗಳೂ ಅಲ್ಲಿವೆ, ಓದೋಕೆ ದುಡ್ಡು ಬೇಡ. ಪ್ರಬಂಧವನ್ನು ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಪಿಡಿಎಫ್ ಮಾಡಿ ಹಾಕಿರುತ್ತಾರೆ, ಹಾಗಾಗಿ ಗುಡ್ಡದ ಮೇಲಿನ ನೆಟ್‌ಗೂ ಇಳಿಯುತ್ತದೆ. ನಾನು ಮೊದಲು ಇಳಿಸೋದು ಕೊನೆಯ ಗ್ರಂಥಸೂಚಿ. ಆ ವಿಷಯದಲ್ಲಿ ಯಾರು ಯಾರು ಏನು ಬರೆದಿದ್ದಾರೆ ಅಂತ ಬೇರೆಯವರು ವರ್ಷಗಟ್ಟಲೆ ಕೂತು ಹುಡುಕಿದ ಪಟ್ಟಿ ಅದು.

ಲೈಬ್ರರಿ ಕೌಂಟರ್:
ಇಷ್ಟಾದ ಮೇಲೂ ಸಿಗದ ಲೇಖನ ಇದ್ದರೆ ಅದರ ಹೆಸರು, ಪತ್ರಿಕೆ, ವರ್ಷ, ಪುಟ ಬರೆದುಕೊಂಡು ನಿಮ್ಮ ಲೈಬ್ರರಿಯವರಿಗೆ ಕೊಡಿ. ಬೇರೆ ಲೈಬ್ರರಿಯಿಂದ ಪ್ರತಿ ತರಿಸೋಕೆ ಆಗುತ್ತಾ ನೋಡ್ತಾರೆ. ಕೇಳೋಕೆ ಸಂಕೋಚ ಬೇಡ, ನಾವು ಕೂತಿರೋದೇ ಅದಕ್ಕೆ.

ಹೊಸನಗರದ ಹುಡುಗಿ:
ಮೂರು ಉಳಿದಿವೆ ಸರ್. ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ, ಸೋಮವಾರ ಬೆಳಗ್ಗೆ ಬಸ್ಸಿಗೆ ಬಂದವಳೇ ಮೊದಲು ಲೈಬ್ರರಿಗೆ ಹೋಗ್ತೇನೆ.