ಅಪ್‌ಡೇಟ್: ಅಮ್ಮನ ಹೊಟ್ಟೆ, ಕ್ಯಾಪ್ಸೂಲ್ ಮತ್ತು ಮೊಸರು

ಹಲ್ಲಿನ ಸೋಂಕಿಗೆ ಆಂಟಿಬಯೋಟಿಕ್ ನುಂಗುತ್ತಿದ್ದ ಅಮ್ಮನಿಗೆ ಭೇದಿ ಹತ್ತಿಕೊಂಡಿತ್ತು. ಪ್ರೋಬಯೋಟಿಕ್ (ಹೊಟ್ಟೆಗೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳು) ಬೇಕೇ, ಮನೆಯ ಮೊಸರೇ ಸಾಕೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಅಮ್ಮ ಈಗ ಅಕ್ಕಿರೊಟ್ಟಿ, ಕಾಯಿಚಟ್ನಿಗೆ ಮರಳಿದ್ದಾರೆ.

ಸಕಲೇಶಪುರದಿಂದ ಹಾಸನಕ್ಕೆ ಕರೆದೊಯ್ದು ತೋರಿಸಿದೆವು. ಜ್ವರ ಇದೆಯೇ, ಮಲದಲ್ಲಿ ರಕ್ತ ಹೋಗುತ್ತಿದೆಯೇ ಎಂದು ವೈದ್ಯರು ಮೊದಲು ವಿಚಾರಿಸಿದರು. ಎರಡೂ ಇರಲಿಲ್ಲ. ಓಆರ್‌ಎಸ್ ಬಿಡಬೇಡಿ ಎಂದು ಹೇಳಿ, ಸ್ಯಾಕರೋಮೈಸಿಸ್ ಬೌಲಾರ್ಡಿ ಕ್ಯಾಪ್ಸೂಲ್ ಬರೆದುಕೊಟ್ಟರು. ಇದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್ ಎಂಬ ಶಿಲೀಂಧ್ರ. ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಇದನ್ನು ಕೊಲ್ಲುವುದಿಲ್ಲ. 1920ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಬೂಲಾರ್ ಎಂಬವರು ಇಂಡೋಚೈನಾದ ಲಿಚಿ, ಮ್ಯಾಂಗೊಸ್ಟೀನ್ ಹಣ್ಣುಗಳಿಂದ ಇದನ್ನು ಬೇರ್ಪಡಿಸಿದರಂತೆ.

ಅಮ್ಮ ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ಹಬೆಯಾಡುವ ಗಂಜಿಗೆ ಉದುರಿಸಲು ಹೊರಟಿದ್ದರು. ಕೈ ಹಿಡಿದು ತಡೆದೆ. ಅಷ್ಟು ಬಿಸಿಯಲ್ಲಿ ಯೀಸ್ಟ್ ಬದುಕುವುದಿಲ್ಲ. ಮಜ್ಜಿಗೆಹುಳಿಯೂ ಪ್ರೋಬಯೋಟಿಕ್ ಎಂದು ಬರೆದವರೇ, ಕುದಿಸಿದ ಮೇಲೆ ಅದರಲ್ಲಿ ಉಳಿಯುವುದು ರುಚಿ ಮಾತ್ರ!

ಭೇದಿ ನಿಂತದ್ದಕ್ಕೆ ಪೂರ್ತಿ ಶ್ರೇಯವನ್ನು ಕ್ಯಾಪ್ಸೂಲಿಗೇ ಕೊಡಲಾರೆ. ಅಷ್ಟರಲ್ಲಿ ಆಂಟಿಬಯೋಟಿಕ್ ಕೂಡ ಮುಗಿದಿತ್ತು.

ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವ ತಮ್ಮನಿಗೂ ಕೊಡಿ ಎಂದು ಕೆಲವರು ಸೂಚಿಸಿದ್ದಿರಿ. ಕೊಡುವುದಿಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘದ 2020ರ ಮಾರ್ಗಸೂಚಿ, ಐಬಿಎಸ್‌ಗೆ ಸಂಶೋಧನಾ ಪ್ರಯೋಗಗಳ ಹೊರಗೆ ಪ್ರೋಬಯೋಟಿಕ್ ಬೇಡ ಎನ್ನುತ್ತದೆ. ಇನ್ನು ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕಿಸಿಕೊಂಡವರು ಈ ಯೀಸ್ಟ್ ಸೇವಿಸಬಾರದು. ರಕ್ತಕ್ಕೇ ಸೋಂಕು ತಗಲಬಹುದು.