ಅಲ್ಯೂಮಿನಿಯಂ ಚೆಕರ್ಡ್ ಶೀಟು ಮಡಚಿದಲ್ಲೆಲ್ಲ ಬಿರುಕು, ಏನು ಮಾಡಲಿ?

ತಾರಸಿಯವರು, ಕುವೆಂಪುನಗರ, ಮೈಸೂರು

ಮನೆಯ ಹಿಂದೆ ತಾರಸಿಗೆ ಹೋಗುವ ಕಬ್ಬಿಣದ ಮೆಟ್ಟಿಲು ಮಳೆಗೆ ಜಾರುತ್ತದೆ. ಹೋದ ತಿಂಗಳು ಮೋಡ ಕಟ್ಟಿತೆಂದು ಹಪ್ಪಳ ತರಲು ಓಡಿದ ಅಮ್ಮ ಎರಡು ಮೆಟ್ಟಿಲು ಜಾರಿದರು. ಪೆಟ್ಟಾಗಲಿಲ್ಲ, ಹಪ್ಪಳ ಉಳಿಯಲಿಲ್ಲ. ಅದಕ್ಕೇ 14 ಮೆಟ್ಟಿಲಿಗೂ 3 ಮಿ.ಮೀ. ದಪ್ಪದ ಉಬ್ಬುಗೆರೆಯ ಶೀಟು ಹೊದಿಸಲು ಹೊರಟೆ. ಮುಂದಿನ ಅಂಚು 40 ಮಿ.ಮೀ. ಕೆಳಕ್ಕೆ ಮಡಚಿರಬೇಕು. ಎಲ್ ಆಕಾರದ ಎರಡು ಆಂಗಲ್ ಪಟ್ಟಿಗಳ ನಡುವೆ ಬಿಗಿಹಿಡಿದು ಮರದ ಸುತ್ತಿಗೆಯಿಂದ ಬಡಿದೆ. ಮೂರು ತುಂಡು ಮಡಚಿದೆ, ಮೂರೂ ಬಿರುಕು ಬಿಟ್ಟವು. ಒಂದರ ಅಂಚು ಕೈಗೇ ಬಂತು. ಗ್ರೈಂಡರಿನ ಕಟಿಂಗ್ ವೀಲ್ ಕೂಡ ಅಲ್ಯೂಮಿನಿಯಂ ಮೆತ್ತಿಕೊಂಡು ಹೊಗೆಯಾಡುತ್ತಿದೆ. ಬಿಲ್ಲಿನಲ್ಲಿ ಶೀಟಿನ ದರ್ಜೆ 6061 ಟಿ6 ಎಂದಿದೆ. ನನ್ನ ಬಡಿತದ ತಪ್ಪೋ, ಮಾಲಿನ ತಪ್ಪೋ?

ಟ್ರೇಲರ್ ಕೆಲಸದವನು, ಮಂಡ್ಯ

ಮೊದಲು ಆ ವೀಲ್ ತೆಗೆದು ಬಿಸಾಡಿ, ಮಿಕ್ಕದ್ದು ಆಮೇಲೆ. ಕಬ್ಬಿಣ ಕತ್ತರಿಸುವ ಸಾಮಾನ್ಯ ವೀಲಿನ ಹರಳುಗಳ ಸಂದಿಗೆ ಮೆತ್ತನೆಯ ಅಲ್ಯೂಮಿನಿಯಂ ತುಂಬಿಕೊಳ್ಳುತ್ತದೆ. ಆಗ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ, ಕಾಯುತ್ತದೆ. ಒಡೆದು ಮುಖಕ್ಕೆ ಹಾರಿದರೆ ಕಣ್ಣು ಹೋಗುತ್ತದೆ. ಜಿಗ್‌ಸಾ ಇದ್ದರೆ ಇಂಚಿಗೆ ಎಂಟು ಹಲ್ಲಿನಂಥ ಒರಟು ಬ್ಲೇಡು ಸಾಕು. ಶೀಟನ್ನು ಬೋರಲು ಹಾಕಿ ನುಣುಪು ಬೆನ್ನಿನ ಕಡೆಯಿಂದ ಕೊಯ್ಯಿರಿ. ಉಬ್ಬುಗೆರೆಯ ಮೇಲೆ ಯಂತ್ರದ ತಳ ಕುಣಿಯುವುದು ತಪ್ಪುತ್ತದೆ. ಬ್ಲೇಡಿಗೆ ಆಗಾಗ ಮೇಣದ ಬತ್ತಿ ಉಜ್ಜಿ.

ಇನ್ನೊಂದು ಮಾತು. ಕಬ್ಬಿಣ ಉಜ್ಜಿದ ಜಾಗದಲ್ಲೇ ಅಲ್ಯೂಮಿನಿಯಂ ಉಜ್ಜುವುದಾದರೆ ಮೊದಲು ಗುಡಿಸಿ. ತುಕ್ಕಿನ ಪುಡಿ, ಅಲ್ಯೂಮಿನಿಯಂ ಪುಡಿ ಎರಡೂ ಬೆರೆತಲ್ಲಿ ಕಿಡಿ ಬೀಳಬಾರದು. ಹಳಿ ಬೆಸೆಯಲು ರೈಲ್ವೆಯವರು ಹೊತ್ತಿಸುವ ಮಿಶ್ರಣ ಅಂಥದ್ದೇ.

ನಿವೃತ್ತ ಫಿಟ್ಟರ್, ಯಾದವಗಿರಿ

ಬಡಿತದ ತಪ್ಪಲ್ಲ. ಮಾಲು ಕೆಟ್ಟದ್ದೂ ಅಲ್ಲ, ಈ ಕೆಲಸಕ್ಕೆ ಒಗ್ಗದ್ದು ಅಷ್ಟೇ. ಟಿ6 ಎಂದರೆ ಕಾಯಿಸಿ, ತಣಿಸಿ, ಹದಮಾಡಿ ಗಟ್ಟಿಗೊಳಿಸಿದ್ದು. ಚೂಪು ಮೂಲೆಯ ಆಂಗಲ್ ಮೇಲೆ ಅದು ಬಗ್ಗುವುದಿಲ್ಲ, ಸೀಳುತ್ತದೆ. ಮಡಿಕೆಯ ಒಳತ್ರಿಜ್ಯ ದಪ್ಪದ ಮೂರು ನಾಲ್ಕು ಪಟ್ಟು, ಅಂದರೆ 9ರಿಂದ 12 ಮಿ.ಮೀ. ಇರಲೇಬೇಕು. ನೀವು ಕೆಳಕ್ಕೆ ಮಡಚುವುದರಿಂದ ಉಬ್ಬುಗೆರೆ ಹೊರಬದಿಗೆ ಬರುತ್ತದೆ, ಹಿಗ್ಗುವುದೂ ಅದೇ ಬದಿ. ಗೆರೆ ಮುಗಿಯುವಲ್ಲಿ ದಪ್ಪ ಥಟ್ಟನೆ ಬದಲಾಗುವ ಕಾರಣ ಸೀಳು ಅಲ್ಲಿಂದಲೇ ಹೊರಡುತ್ತದೆ. ಮುರಿದ ತುಂಡು ನೋಡಿ, ಬಿರುಕು ಗೆರೆಯ ತುದಿಯಿಂದ ತುದಿಗೆ ಹಾರಿರುತ್ತದೆ.

ಹೊಸದಾಗಿ ಕೊಳ್ಳುವುದಾದರೆ 5052 ಎಚ್32 ಅಥವಾ 3003 ದರ್ಜೆಯದು ಕೇಳಿ. ಮಡಚಲು ಅವು ಸಾಧು. ಕೊಂಡದ್ದನ್ನೇ ಬಳಸುವುದಾದರೆ 25 ಮಿ.ಮೀ. ಹೊರವ್ಯಾಸದ ಪೈಪಿನ ಮೇಲೆ ಬಗ್ಗಿಸಿ. ತಗಡು ಉರುಳೆಯಲ್ಲಿ ಹಾಯ್ದ ದಿಕ್ಕಿಗೆ ಮಡಿಕೆ ಅಡ್ಡ ಬರಲಿ. ಸಾಮಾನ್ಯವಾಗಿ ಪೂರ್ಣ ಶೀಟಿನ ಉದ್ದವೇ ಆ ದಿಕ್ಕು.

ಬಗ್ಗಿಸುವ ಮುನ್ನ ಕಾಯಿಸಿದರೆ ಇನ್ನೂ ಸುಲಭ, ಆದರೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಈ ಜಾತಿ 582 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಮಡಿಕೆಯ ಗೆರೆಗೆ ಬಟ್ಟೆ ಸೋಪು ಸವರಿ ಬೆನ್ನಿನ ಕಡೆಯಿಂದ ಜ್ವಾಲೆ ಆಡಿಸಿ. ಸೋಪು ಕಪ್ಪಾದ ಕೂಡಲೇ ನಿಲ್ಲಿಸಿ. ನಾನು ಕಲಿಯುವಾಗ ಎರಡು ತುಂಡು ನೆಲಕ್ಕೆ ಸುರಿಸಿದ್ದೇನೆ.

ಟ್ರೇಲರ್ ಕೆಲಸದವನು, ಮಂಡ್ಯ

ಸರ್, ಕಾಯಿಸುವ ಮಾತಿಗೆ ನನ್ನ ತಕರಾರಿದೆ. ಟಿ6 ಪೂರ್ತಿ ಮೆತ್ತಗಾದರೆ ಮಣಿಯದೆ ತಡೆಯುವ ಬಲ 276 ಮೆಗಾಪಾಸ್ಕಲ್‌ನಿಂದ 55ಕ್ಕೆ ಇಳಿಯುತ್ತದೆ. ಕಬ್ಬಿನ ಟ್ರೇಲರಿನ ಕಾಲುಹಲಗೆಗೆ ಹೀಗೆ ಮಾಡಿದವರು ವಾರದಲ್ಲಿ ವಾಪಸು ಬಂದಿದ್ದಾರೆ.

ನಿವೃತ್ತ ಫಿಟ್ಟರ್, ಯಾದವಗಿರಿ

ಗಾಳಿಯಲ್ಲಿ ಚಾಚಿಕೊಂಡ ಕಾಲುಹಲಗೆಗೆ ನೀವು ಹೇಳಿದ್ದು ಸರಿ, ಒಪ್ಪಿದೆ. ಇಲ್ಲಿ ಭಾರ ಹೊರುವುದು ಕೆಳಗಿನ ಕಬ್ಬಿಣ. ಇದು ಬರೀ ಹೊದಿಕೆ.

ತಾರಸಿಯವರು

ಉಳಿದ ಹನ್ನೊಂದೂ ಮುಗಿದವು! ಮೊದಲು ಕಾಯಿಸದೆ ಪೈಪಿನ ಮೇಲೆ ಬಗ್ಗಿಸಿದೆ. ಕೂದಲೆಳೆ ಬಿರುಕು ಕಂಡಿತು. ಆಮೇಲೆ ಮಡಿಕೆಯ ಪಟ್ಟಿಯಲ್ಲಿ ಉಬ್ಬುಗೆರೆ ಸವೆಸಿ, ಸೋಪು ಹಚ್ಚಿ ಕಾಯಿಸಿದ ಮೇಲೆ ಒಂದೂ ಸೀಳಲಿಲ್ಲ. ಒಂದು ಎಡವಟ್ಟಾಯಿತು: ಮಡಿಕೆ ಗುಂಡಗಿದೆ, ಮೆಟ್ಟಿಲಿನ ಮೂಲೆ ಚೂಪು. ಹಾಗಾಗಿ ಹೊದಿಕೆ 12 ಮಿ.ಮೀ. ಮುಂದಕ್ಕೆ ಚಾಚುತ್ತದೆ. ಸಂದಿಗೆ ರಬ್ಬರ್ ಪಟ್ಟಿ ಕೊಡಲೇ? ಕೆಳಗಿನ ಕಬ್ಬಿಣಕ್ಕೆ ಬಣ್ಣ ಬೇಕೇ? ಶೀಟನ್ನು ತೊಳೆಯುವ ಸೋಡಾದಿಂದ ಉಜ್ಜಿದರೆ ಹೊಳೆಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ನಿವೃತ್ತ ಫಿಟ್ಟರ್, ಯಾದವಗಿರಿ

ಸೋಡಾ ಬೇಡವೇ ಬೇಡ. ಕ್ಷಾರ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಹಸಿ ಸಿಮೆಂಟೂ ಹಾಗೆಯೇ. ಕೆಳಗಿನ ಮೆಟ್ಟಿಲಿಗೆ ಗಾರೆ ತಾಗಿಸಬೇಡಿ. ಸಾಬೂನು ನೀರು ಸಾಕು.

ಬಣ್ಣ ಕಬ್ಬಿಣಕ್ಕೆ ಕಡ್ಡಾಯ. ಎರಡು ಲೋಹ ಒದ್ದೆಯಲ್ಲಿ ಬರಿಮೈ ತಾಗಿಕೊಂಡರೆ ಸವೆಯುವುದು ಅಲ್ಯೂಮಿನಿಯಂ. ತುಕ್ಕು ಕೆರೆದು ಪ್ರೈಮರ್, ಮೇಲೆ ಬಣ್ಣ, ನಡುವೆ ನಿಮ್ಮ ರಬ್ಬರು. ಸ್ಟೇನ್‌ಲೆಸ್ ಸ್ಕ್ರೂಗೆ ನೈಲಾನ್ ವಾಷರ್ ಹಾಕಿ. ನೀರು ಹರಿದುಹೋಗಲು ದಾರಿ ಬಿಡಿ. ಶೀಟಿಗೆ ಬಣ್ಣ ಬೇಡ. ಅದರ ಮೇಲೆ ತಾನೇ ಕಟ್ಟುವ ತೆಳು ಪದರವೇ ರಕ್ಷೆ. ಅಂಚುಗಳನ್ನು ಮಾತ್ರ ಅರದಿಂದ ಉಜ್ಜಿ. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಪುಡಿ ಕಚ್ಚಿಕೊಳ್ಳುವುದಿಲ್ಲ.

ತಾರಸಿಯವರು

ಸೀಮೆಸುಣ್ಣ ಕೆಲಸ ಮಾಡಿತು, ಮಗಳ ಡಬ್ಬಿಯಿಂದ ಕದ್ದೆ. ಸೀಳಿದ ಮೂರು ತುಂಡಿಗೆ ಮಡಿಕೆ ಕತ್ತರಿಸಿ ಅಲ್ಯೂಮಿನಿಯಂ ಆಂಗಲ್ ರಿವೆಟ್ ಮಾಡಿದ್ದೇನೆ. ಗಟ್ಟಿಯಾಗಿವೆ, ಆದರೆ ರಿವೆಟ್ಟಿನ ತಲೆಗೆ ಅಮ್ಮನ ಸೀರೆಯಂಚು ಸಿಕ್ಕಿಕೊಳ್ಳುತ್ತಿದೆ.

ಟ್ರೇಲರ್ ಕೆಲಸದವನು, ಮಂಡ್ಯ

ಆ ರಿವೆಟ್ ಕೊರೆದು ತೆಗೆಯಿರಿ. ತೂತಿನ ಬಾಯಿಯನ್ನು ಆಲಿಕೆಯಂತೆ ಅಗಲಿಸಿ, ಚಪ್ಪಟೆ ತಲೆ ಒಳಗೆ ಕೂರುವ ರಿವೆಟ್ ಹೊಡೆಯಿರಿ. ಅಲ್ಯೂಮಿನಿಯಂ ರಿವೆಟ್ಟೇ ಕೇಳಿ, ಅಂಗಡಿಯವರು ಕೊಟ್ಟದ್ದನ್ನು ತರಬೇಡಿ.